ಮೂರು ಗಾಲಿಯ ಮಕ್ಕಳ ತಳ್ಳುಗಾಡಿ: ಹುಬ್ಬಳ್ಳಿ-ಧಾರವಾಡದ ರಸ್ತೆಗೆ ತಕ್ಕದ್ದನ್ನು ಆರಿಸುವುದು, ಕೆಡದಂತೆ ಬಾಳಿಸುವುದು

ಮಕ್ಕಳ ಗಾಡಿ ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಬಟ್ಟೆಯ ಬಣ್ಣದ ಮೇಲೆ, ಆಮೇಲೆ ಒಂದೇ ಕೈಯಿಂದ ಮಡಚುವ ಚಮತ್ಕಾರದ ಮೇಲೆ. ಬಗ್ಗಿ ಗಾಲಿಯನ್ನು ನೋಡುವವರು ಕಡಿಮೆ. ನಾಲ್ಕು ಗಾಲಿಯ ಸಣ್ಣ ಗಾಡಿಯಾದರೆ ಈ ಉದಾಸೀನ ನಡೆದೀತು. ಮೂರು ಗಾಲಿಯ ಗಾಡಿಯಲ್ಲಿ ಮಾತ್ರ ಕೊಟ್ಟ ಬೆಲೆಯ ಬಹುಪಾಲು, ಸಿಗುವ ಸುಖದ ಬಹುಪಾಲು, ಮುಂದೆ ಬರುವ ತೊಂದರೆಯ ಬಹುಪಾಲು ಕೂಡ ಗಾಲಿಯಲ್ಲೇ ಇರುತ್ತದೆ. ಆದ್ದರಿಂದ ಹುಬ್ಬಳ್ಳಿ-ಧಾರವಾಡದಲ್ಲಿ ಇಂಥ ಗಾಡಿ ಕೊಳ್ಳುವವರಿಗೆ ನನ್ನ ಮೊದಲ ಸಲಹೆ ಇದು: ನಿಮ್ಮ ಓಣಿಯ ಸೈಕಲ್ ಅಂಗಡಿಯವರು ಬಿಚ್ಚಿ ಜೋಡಿಸಲಾರದ ಗಾಲಿಯಿರುವ ಗಾಡಿಯನ್ನು, ಅದೆಷ್ಟೇ ಚೆಂದ ಕಂಡರೂ, ಮನೆಗೆ ತರಬೇಡಿ.

ಗಾಡಿಗೂ ಸೈಕಲ್ ಅಂಗಡಿಗೂ ಹಳೆಯ ನಂಟಿದೆ. ಅಮೆರಿಕದ ಫಿಲ್ ಬೇಕ್ಲರ್ ಎಂಬವರು 1984ರಲ್ಲಿ ಮಗುವನ್ನು ಕೂರಿಸಿಕೊಂಡೇ ಓಡಲು ಬರುವಂತೆ ಸಾಮಾನ್ಯ ಸ್ಟ್ರೋಲರ್‌ಗೆ ಸೈಕಲ್ ಗಾಲಿಗಳನ್ನು ಜೋಡಿಸಿದರು. ಇಂದು ಮಾರುಕಟ್ಟೆಯಲ್ಲಿರುವ ಮೂರು ಗಾಲಿಯ ದೊಡ್ಡ ಗಾಡಿಗಳೆಲ್ಲ ಆ ಪರಂಪರೆಗೆ ಸೇರಿದವು. ಟೈರ್, ಟ್ಯೂಬ್, ರಿಮ್, ಅಚ್ಚು, ಬೇರಿಂಗ್ ಎಲ್ಲವೂ ಸೈಕಲ್‌ನ ಬಳಗದವೇ ಆಗಿರುವುದರಿಂದ ಅಳತೆ ಸರಿಯಾಗಿದ್ದರೆ ಇವುಗಳ ದುರಸ್ತಿಗೆ ಬೆಂಗಳೂರಿಗೆ ಕಳಿಸುವ ಪ್ರಸಂಗ ಬರುವುದಿಲ್ಲ.

ಮೊದಲ ಹೆಜ್ಜೆ: ನೀವು ನಡೆಯುವ ದಾರಿಯನ್ನು ನೋಡಿ

ಗಾಡಿ ನೋಡುವ ಮೊದಲು ಮನೆಯ ಬಾಗಿಲಿನಿಂದ ನೀವು ಹೆಚ್ಚಾಗಿ ಹೋಗುವ ಜಾಗದವರೆಗೆ ಒಮ್ಮೆ ಗಾಡಿಯ ದೃಷ್ಟಿಯಿಂದ ನಡೆದು ಬನ್ನಿ. ವಿದ್ಯಾನಗರದ ಕಾಂಕ್ರೀಟ್ ರಸ್ತೆಯ ಮನೆಗೆ ಬೇಕಾದ ಗಾಡಿ ಬೇರೆ, ದುರ್ಗದ ಬೈಲಿನ ಆಸುಪಾಸಿನ ಇಕ್ಕಟ್ಟಿನ ಓಣಿಗೆ ಬೇಕಾದದ್ದು ಬೇರೆ. ಧಾರವಾಡದ ಹೊರವಲಯದ ಹೊಸ ಬಡಾವಣೆಗಳಲ್ಲಿ ರಸ್ತೆ ಆಗುವ ಮೊದಲೇ ಮನೆಗಳಾಗಿರುತ್ತವೆ. ಅಲ್ಲಿ ಬೇಸಿಗೆಯಲ್ಲಿ ಎರೆಮಣ್ಣಿನ ಬಿರುಕುಗಳ ಮೇಲೆ, ಮಳೆಗಾಲದಲ್ಲಿ ಅದೇ ಮಣ್ಣಿನ ಅಂಟು ಕೆಸರಿನ ಮೇಲೆ ಗಾಡಿ ಹೋಗಬೇಕಾಗುತ್ತದೆ.

ಗಾಡಿಗಳಲ್ಲಿ ಸ್ಥೂಲವಾಗಿ ಮೂರು ಬಗೆಗಳಿವೆ. ಐದಾರು ಇಂಚಿನ ಗಟ್ಟಿ ಪ್ಲಾಸ್ಟಿಕ್ ಗಾಲಿಗಳ ಹಗುರ ಗಾಡಿ ಮೊದಲನೆಯದು. ಅದು ಮಾಲ್‌ನ ನುಣುಪು ನೆಲಕ್ಕೆ ಸಾಕು. ಹೊರಗೆ ಮಾತ್ರ ಜಲ್ಲಿಯ ಒಂದು ಕಲ್ಲು ಅಡ್ಡ ಬಂದರೂ ಗಕ್ಕನೆ ನಿಲ್ಲುತ್ತದೆ, ಮಗು ಮುಂದಕ್ಕೆ ವಾಲುತ್ತದೆ. ಎರಡನೆಯದು ಹತ್ತರಿಂದ ಹನ್ನೆರಡು ಇಂಚಿನ ಗಾಲಿಗಳದ್ದು. ಇದರ ಮುಂದಿನ ಗಾಲಿ ಎತ್ತ ಬೇಕಾದರೂ ತಿರುಗುತ್ತದೆ, ಬೇಕೆಂದಾಗ ಅದನ್ನು ನೇರಕ್ಕೆ ಲಾಕ್ ಮಾಡಲೂ ಬರುತ್ತದೆ. ಮೂರನೆಯದು ಓಟಗಾರರ ಗಾಡಿ: ಹದಿನಾರು ಇಂಚಿನ ಹಿಂಗಾಲಿಗಳು, ಹಲವು ಮಾದರಿಗಳಲ್ಲಿ ತಿರುಗದ ಮುಂಗಾಲಿ, ಹಿಡಿಕೆಯಲ್ಲಿ ಕೈಬ್ರೇಕ್. ತಿರುಗದ ಗಾಲಿಯ ಗಾಡಿಯನ್ನು ಪ್ರತಿ ತಿರುವಿನಲ್ಲೂ ಹಿಡಿಕೆ ಒತ್ತಿ ಮುಂಭಾಗ ಎತ್ತಿಯೇ ತಿರುಗಿಸಬೇಕಾದ್ದರಿಂದ ಸಂತೆಯಲ್ಲಿ ಅದು ಶಿಕ್ಷೆ. ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲೋ ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡದ ರಸ್ತೆಗಳಲ್ಲೋ ನಿತ್ಯ ಓಡುವವರನ್ನು ಬಿಟ್ಟರೆ ಉಳಿದವರೆಲ್ಲರೂ ಎರಡನೆಯ ಬಗೆಯನ್ನೇ ಆರಿಸಿಕೊಳ್ಳುವುದು ಲೇಸು.

ಎರಡನೆಯ ಹೆಜ್ಜೆ: ಮಗುವಿನ ವಯಸ್ಸು

ಕುತ್ತಿಗೆ ನಿಲ್ಲದ ಕೂಸನ್ನು ಕೂರುವ ಭಂಗಿಯ ಗಾಡಿಯಲ್ಲಿ ಹಾಕಬಾರದು. ತಲೆ ಎದೆಯ ಮೇಲೆ ಬಾಗಿದರೆ ಉಸಿರಿನ ದಾರಿ ಇಕ್ಕಟ್ಟಾಗುತ್ತದೆ. ಸುಮಾರು ಆರು ತಿಂಗಳವರೆಗೆ, ಅಂದರೆ ಮಗು ಆಸರೆಯಿಲ್ಲದೆ ಕೂರುವವರೆಗೆ, ಬೆನ್ನು ಪೂರ್ತಿ ಮಲಗುವಷ್ಟು ಸೀಟು ಬಾಗುವ ಗಾಡಿಯೇ ಬೇಕು. ಅಂಥದ್ದು ಸಿಗದಿದ್ದರೆ ಅವಸರ ಮಾಡುವ ಕಾರಣವಿಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲು ಆ ತಿಂಗಳುಗಳ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಗಾಡಿ ತಳ್ಳುತ್ತ ಓಡುವುದನ್ನಂತೂ ಮಗು ಗಟ್ಟಿಯಾಗಿ ಕೂರಲು ಕಲಿತ ಮೇಲೆ, ಮಕ್ಕಳ ವೈದ್ಯರನ್ನು ಒಂದು ಮಾತು ಕೇಳಿಯೇ ಆರಂಭಿಸಬೇಕು.

ಇನ್ನೊಂದು ತುದಿಯಲ್ಲಿ ತೂಕದ ಮಿತಿ ಇದೆ. ಯುರೋಪಿನ ಇಎನ್ 1888 ಮಾನದಂಡದಲ್ಲಿ ಎರಡು ಭಾಗಗಳಿವೆ: ಮೊದಲನೆಯದು 15 ಕಿಲೋವರೆಗಿನ ಮಕ್ಕಳ ಗಾಡಿಗೆ, ಎರಡನೆಯದು ಅದಕ್ಕೂ ಮೇಲೆ 22 ಕಿಲೋವರೆಗಿನದಕ್ಕೆ. ಅಮೆರಿಕದ ಮಾನದಂಡದ ಗುರುತು ಎಎಸ್‌ಟಿಎಂ ಎಫ್833. ಗಾಡಿಯ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಇವುಗಳಲ್ಲಿ ಒಂದಾದರೂ ಇದೆಯೇ ಎಂದು ಹುಡುಕಿ. ಡಬ್ಬಿಯ ಮೇಲೆ ಬರೆದ ‘ಅಂತರರಾಷ್ಟ್ರೀಯ ಗುಣಮಟ್ಟ’ ಎಂಬ ಮಾತಿಗೆ ಯಾವ ಬೆಲೆಯೂ ಇಲ್ಲ.

ಮೂರನೆಯ ಹೆಜ್ಜೆ: ಟೈರಿನ ಮೇಲಿನ ಸಂಖ್ಯೆ

ಇಡೀ ಖರೀದಿಯಲ್ಲಿ ಹೆಚ್ಚು ಸಮಯ ಕೊಡಬೇಕಾದ ಜಾಗ ಇದು. ಗಾಳಿ ತುಂಬುವ ಟೈರ್ ಬೇಕೋ, ಒಳಗೆ ಫೋಮ್ ಇರುವ ಟೈರ್ ಸಾಕೋ ಎಂಬುದು ಮೊದಲ ಪ್ರಶ್ನೆ. ಫೋಮ್ ಟೈರಿಗೆ ಪಂಕ್ಚರ್ ಭಯವಿಲ್ಲ. ಆದರೆ ಹೊಂಡ, ಜಲ್ಲಿ, ಪೇವರ್ ಕಲ್ಲುಗಳ ಕುಲುಕಾಟವನ್ನೆಲ್ಲ ಅದು ಮಗುವಿನ ಬೆನ್ನಿಗೆ ನೇರವಾಗಿ ದಾಟಿಸುತ್ತದೆ. ಒಂದು ಕಡೆ ಸವೆದು ಚಪ್ಪಟೆಯಾದರೆ ದುರಸ್ತಿಯಿಲ್ಲ. ಇಡೀ ಗಾಲಿಯನ್ನೇ ಕಂಪನಿಯಿಂದ ತರಿಸಬೇಕು. ಗಾಳಿಯ ಟೈರ್ ಮೆತ್ತಗೆ ಹೋಗುತ್ತದೆ, ಸವೆದರೆ ಬದಲಿಸಬಹುದು, ಪ್ರತಿಯಾಗಿ ಮುಳ್ಳಿನ ಕಾಟವನ್ನು ಹೊರಬೇಕು. ನಮ್ಮ ಭಾಗದ ಮುಳ್ಳುಗಳು ಸಾಮಾನ್ಯದವಲ್ಲ. ಹೊಲದ ಅಂಚಿನಲ್ಲಿ, ಖಾಲಿ ಸೈಟುಗಳಲ್ಲಿ ನೆಲಕ್ಕೆ ಹಬ್ಬುವ ನೆಗ್ಗಿಲಿನ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ಇರುತ್ತದೆ. ಬೇಲಿಗೆ ಹಾಕಿದ ಜಾಲಿಮುಳ್ಳು ಗಾಳಿಗೆ ರಸ್ತೆಗೆ ಬರುತ್ತದೆ. ಇಷ್ಟಿದ್ದರೂ ನಾನು ಗಾಳಿಯ ಟೈರಿನ ಪಕ್ಷ. ಪಂಕ್ಚರ್ ತಿದ್ದಲು ಅರ್ಧ ಗಂಟೆ ಸಾಕು, ಕುಲುಕಾಟಕ್ಕೆ ಮದ್ದಿಲ್ಲ.

ಇನ್ನು ಟೈರಿನ ಬದಿಯಲ್ಲಿ ಉಬ್ಬಿದ ಅಕ್ಷರಗಳನ್ನು ಓದಿ. ಹನ್ನೆರಡು ಇಂಚಿನ ಗಾಡಿಗಳಲ್ಲಿ ಹೆಚ್ಚಾಗಿ ‘12½ × 2¼’ ಎಂದೂ, ಪಕ್ಕದಲ್ಲಿ ‘62-203’ ಎಂದೂ ಇರುತ್ತದೆ. ಮೊದಲಿನ 62 ಟೈರಿನ ಅಗಲ, 203 ಟೈರು ರಿಮ್ಮಿನಲ್ಲಿ ಕೂರುವ ಸುತ್ತಿನ ವ್ಯಾಸ; ಎರಡೂ ಮಿಲಿಮೀಟರಿನಲ್ಲಿವೆ. ಟೈರ್ ಬದಲಿಸುವಾಗ 203 ಎಂಬುದು ತಪ್ಪದೆ ಹೊಂದಬೇಕು. ಅಗಲ ಮಾತ್ರ 57ಕ್ಕೋ 47ಕ್ಕೋ ಇಳಿದರೂ ಬಹಳಷ್ಟು ರಿಮ್ಮುಗಳಲ್ಲಿ ನಡೆಯುತ್ತದೆ. ಎಡ-ಬಲ ಎರಡೂ ಒಂದೇ ಅಳತೆಯವಿರಬೇಕು, ಅಷ್ಟೇ. ಈ ಅಳತೆ ಸಣ್ಣ ಮಕ್ಕಳ ಸೈಕಲ್‌ಗೂ ಬರುವುದರಿಂದ ಸಿಗುವುದು ಕಷ್ಟವಿಲ್ಲ. ಹದಿನಾರು ಇಂಚಿನಲ್ಲಿ ಎಚ್ಚರ ಬೇಕು: ಮಕ್ಕಳ ಸೈಕಲ್‌ನ ‘16 × 1.75’ ಟೈರು 305ರ ಸುತ್ತಿನದು, ‘16 × 1⅜’ ಟೈರು 349ರದು. ಎರಡೂ ಹದಿನಾರು ಇಂಚೆಂದೇ ಮಾರಾಟವಾಗುತ್ತವೆ, ಒಂದರ ರಿಮ್ಮಿಗೆ ಇನ್ನೊಂದು ಕೂರುವುದಿಲ್ಲ. ಸೈಕಲ್ ಅಂಗಡಿಯಲ್ಲಿ ‘ನಂಬರ್ ಏನೈತ್ರಿ?’ ಎಂದು ಕೇಳಿದರೆ ಹೇಳಬೇಕಾದದ್ದು ಈ ಕೊನೆಯ ಸಂಖ್ಯೆಯನ್ನೇ. ಕೊಳ್ಳುವ ಮೊದಲೇ ಅದನ್ನು ಮೊಬೈಲಿನಲ್ಲಿ ಫೋಟೊ ಹಿಡಿದು ಅಂಗಡಿಯವರಿಗೆ ತೋರಿಸಿ. ಇಲ್ಲವೆಂದರೆ ಆ ಗಾಡಿಯನ್ನು ಬಿಟ್ಟುಬಿಡಿ.

ವಾಲ್ವ್ ಕೂಡ ನೋಡಬೇಕು. ನಮ್ಮ ಸೈಕಲ್ ಟ್ಯೂಬುಗಳಲ್ಲಿರುವ ವಾಲ್ವ್ ಬೇರೆ. ತಳ್ಳುಗಾಡಿಗಳಲ್ಲಿ ಬಹುಪಾಲು ಬೈಕು, ಕಾರಿನ ಬಗೆಯ ವಾಲ್ವ್ ಇರುತ್ತದೆ. ಗಾಲಿ ಸಣ್ಣದಾದ್ದರಿಂದ ಪಂಪ್ ತಾಗಲೆಂದು ಹಲವು ಟ್ಯೂಬುಗಳಲ್ಲಿ ವಾಲ್ವಿನ ಕತ್ತು ಬಾಗಿರುತ್ತದೆ. ಬಾಗಿದ ಕತ್ತಿನ ಟ್ಯೂಬ್ ಬೇಕೆಂದಾಗ ತಕ್ಷಣ ಸಿಗುವುದಿಲ್ಲ, ಆದ್ದರಿಂದ ಗಾಡಿಯ ಜತೆಗೇ ಒಂದು ಹೆಚ್ಚಿನದನ್ನು ಕೊಂಡಿಡಿ.

ನಾಲ್ಕನೆಯ ಹೆಜ್ಜೆ: ಅಂಗಡಿಯಲ್ಲಿ ಪರೀಕ್ಷೆ

ಖಾಲಿ ಗಾಡಿಯನ್ನು ತಳ್ಳಿ ನೋಡಿದರೆ ಏನೂ ತಿಳಿಯದು. ಮಗುವನ್ನೇ ಕೂರಿಸಿ, ಇಲ್ಲವೇ ಹತ್ತು ಕಿಲೋ ಅಕ್ಕಿಯ ಚೀಲವನ್ನಾದರೂ ಇಟ್ಟು, ಅಂಗಡಿಯ ಮೆಟ್ಟಿಲಿನ ಬಳಿ ಹಿಡಿಕೆಯನ್ನು ಒತ್ತಿ ಮುಂಗಾಲಿ ಎತ್ತಿ. ಸಲೀಸಾಗಿ ಎದ್ದರೆ ನಿಮ್ಮ ಎತ್ತರಕ್ಕೆ ಗಾಡಿ ಹೊಂದುತ್ತದೆ. ಬ್ರೇಕ್ ಹಾಕಿ ಮುಂದಕ್ಕೂ ಹಿಂದಕ್ಕೂ ಜಗ್ಗಿ, ಎರಡೂ ಹಿಂಗಾಲಿಗಳು ಒಟ್ಟಿಗೆ ಬಿಗಿಯಬೇಕು. ಬೆಲ್ಟ್ ಐದು ಬಿಂದುಗಳದ್ದಾಗಿರಲಿ: ಎರಡು ಭುಜ, ಎರಡು ಸೊಂಟ, ಒಂದು ಕಾಲುಗಳ ನಡುವೆ. ಹಿಡಿಕೆಯಿಂದ ನಿಮ್ಮ ಮುಂಗೈಗೆ ಹಾಕಿಕೊಳ್ಳುವ ಪಟ್ಟಿ ಇದೆಯೇ ನೋಡಿ.

ಅಗಲವನ್ನು ಟೇಪಿನಿಂದಲೇ ಅಳೆಯಬೇಕು. ಈ ಗಾಡಿಗಳ ಹಿಂಭಾಗ 60 ಸೆಂಟಿಮೀಟರಿನ ಆಸುಪಾಸು ಇರುತ್ತದೆ. ನಿಮ್ಮ ಲಿಫ್ಟಿನ ಬಾಗಿಲು, ಕಾಂಪೌಂಡಿನ ಸಣ್ಣ ಗೇಟು, ಹಳೆಯ ಧಾರವಾಡದ ಮನೆಯಾದರೆ ತಲೆಬಾಗಿಲ ಹೊಸ್ತಿಲು ಇವುಗಳ ಅಳತೆಯನ್ನು ಮೊದಲೇ ಬರೆದುಕೊಂಡು ಹೋಗಿ. ತೂಕ ಹತ್ತು ಕಿಲೋ ದಾಟುವುದು ಸಾಮಾನ್ಯ. ಲಿಫ್ಟಿಲ್ಲದ ಎರಡನೆಯ ಮಹಡಿಯಲ್ಲಿದ್ದರೆ ಮಗುವನ್ನೂ ಗಾಡಿಯನ್ನೂ ಒಬ್ಬರೇ ಏರಿಸಲಾಗದು ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಕಾರಿಗೆ ಸಿಎನ್‌ಜಿ ಸಿಲಿಂಡರ್ ಹಾಕಿಸಿದ್ದರೆ ಡಿಕ್ಕಿಯಲ್ಲಿ ಉಳಿದ ಜಾಗವೆಷ್ಟೆಂದು ನಿಮಗೇ ಗೊತ್ತು. ಗುಂಡಿ ಒತ್ತಿ ಹಿಂಗಾಲಿ ಕಳಚುವ ಮಾದರಿಯಾದರೆ ಆಟೋದಲ್ಲೂ ಕಾಲ ಬಳಿ ಹಿಡಿಸೀತು.

ಮತ್ತೊಬ್ಬರು ಬಳಸಿದ ಗಾಡಿಯಾದರೆ

ಹೊರದೇಶದಲ್ಲಿರುವ ಮಗನೋ ಮಗಳೋ ತಂದಿಟ್ಟು ಹೋದ ಒಳ್ಳೆಯ ಗಾಡಿಗಳು ನಮ್ಮ ಎಷ್ಟೋ ಮನೆಗಳ ಅಟ್ಟದ ಮೇಲೆ ಇವೆ. ಅವನ್ನು ಇಳಿಸಿ ಬಳಸುವುದು ಜಾಣತನವೇ. ಆದರೆ ಕೆಲವು ಪರೀಕ್ಷೆಗಳಾಗಬೇಕು. ರಬ್ಬರಿನ ಬದಿಗಳಲ್ಲಿ ಕೂದಲೆಳೆಯ ಬಿರುಕುಗಳಿದ್ದರೆ ಟೈರು ಬದಲಿಸಬೇಕು. ಇಲಿ ಕಡಿದ ಬೆಲ್ಟನ್ನು ಹೊಲಿದು ಬಳಸುವಂತಿಲ್ಲ. ಮಡಚುವ ಕೀಲುಗಳು ಬಿಚ್ಚಿದಾಗ ‘ಟಕ್’ ಎಂದು ಕೂರಬೇಕು.

ಮುಂಗಾಲಿ ಸೈಕಲ್‌ನಂತೆ ಲಿವರ್ ತಿರುಗಿಸಿ ಕಳಚುವ ಬಗೆಯದಾಗಿದ್ದರೆ ವಿಶೇಷ ಎಚ್ಚರ ಬೇಕು. 2018ರ ಫೆಬ್ರುವರಿಯಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಬಾಬ್ ಹೆಸರಿನ ಮೂರು ಗಾಲಿಯ ಓಟದ ಗಾಡಿಗಳ ಮುಂಗಾಲಿ ಚಲಿಸುವಾಗಲೇ ಕಳಚಿಕೊಳ್ಳುತ್ತದೆಂದು ತಯಾರಕರಾದ ಬ್ರಿಟ್ಯಾಕ್ಸ್ ಮೇಲೆ ದೂರು ಹೂಡಿತ್ತು. ಅದೇ ವರ್ಷದ ನವೆಂಬರಿನಲ್ಲಿ ರಾಜಿಯಾಗಿ, ಬಳಕೆದಾರರಿಗೆ ತಿಳಿವಳಿಕೆ ನೀಡುವ, ಅಚ್ಚನ್ನು ಬದಲಿಸಿಕೊಡುವ ಏರ್ಪಾಡಾಯಿತು. ಲಿವರ್ ಸರಿಯಾಗಿ ಬಿಗಿಯಾಗದಿದ್ದರೆ ಗಾಲಿ ಕಳಚುವ ಅಪಾಯ ಈ ಬಗೆಯ ಯಾವ ಗಾಡಿಗೂ ಇದೆ. ಲಿವರನ್ನು ಮುಚ್ಚಿದಾಗ ಅಂಗೈಯಲ್ಲಿ ಅದರ ಗುರುತು ಮೂಡುವಷ್ಟು ಬಿಗಿ ಇರಬೇಕು. ಆಮೇಲೆ ಮುಂಭಾಗ ಎತ್ತಿ ಗಾಲಿಯನ್ನು ಕೆಳಕ್ಕೆ ಜಗ್ಗಿ ನೋಡಬೇಕು. ಪ್ರತಿ ಸಲ ಗಾಲಿ ಹಾಕಿದಾಗಲೂ ಈ ಪರೀಕ್ಷೆ ಆಗಲೇಬೇಕು.

ರಸ್ತೆಯ ಮೇಲೆ

ಮೂರು ಗಾಲಿಯ ಗಾಡಿ ಓರೆಯಾಗಿ ಹತ್ತಿಸಿದಾಗ ಉರುಳುತ್ತದೆ. ಮುಂದೆ ಆಸರೆ ಒಂದೇ ಇರುವುದರಿಂದ, ಫುಟ್‌ಪಾತಿನ ಅಂಚಿಗೆ ಒಂದು ಹಿಂಗಾಲಿ ಮೊದಲು ತಾಗಿದರೆ ಭಾರ ಇನ್ನೊಂದು ಮೂಲೆಗೆ ವಾಲುತ್ತದೆ. ಎಲ್ಲ ಏರು-ಇಳಿವುಗಳನ್ನೂ ನೇರವಾಗಿ ಎದುರಿಸಿ: ಹತ್ತುವಾಗ ಮುಂಗಾಲಿ ಎತ್ತಿಟ್ಟು ಹಿಂಗಾಲಿಗಳನ್ನು ಒಟ್ಟಿಗೆ ತಳ್ಳಿ, ಇಳಿಯುವಾಗ ಗಾಡಿಯನ್ನು ತಿರುಗಿಸಿ ಹಿಂಗಾಲಿಗಳನ್ನೇ ಮೊದಲು ಇಳಿಸಿ. ಕಾಯಿಪಲ್ಲೆಯ ಚೀಲವನ್ನು ಹಿಡಿಕೆಗೆ ತೂಗುಹಾಕುವ ಚಾಳಿ ಬೇಡ. ಮಗುವನ್ನು ಎತ್ತಿಕೊಂಡ ಕ್ಷಣಕ್ಕೆ ಗಾಡಿ ಹಿಂದಕ್ಕೆ ಮಗುಚುತ್ತದೆ. ಚೀಲದ ಜಾಗ ಸೀಟಿನ ಕೆಳಗಿನ ಬುಟ್ಟಿ.

ಅವಳಿ ನಗರದವರಿಗೆ ಒಂದು ಅನುಕೂಲವಿದೆ. 2018ರಿಂದ ಓಡುತ್ತಿರುವ ಚಿಗರಿ ಬಸ್ಸುಗಳ ನೆಲ ನಿಲ್ದಾಣದ ಕಟ್ಟೆಗೆ ಸಮವಾಗಿರುವುದರಿಂದ ಗಾಡಿಯನ್ನು ಮಡಚದೆಯೇ ಒಳಗೆ ಒಯ್ಯಬಹುದು. ಬಸ್ಸಿಗೂ ಕಟ್ಟೆಗೂ ನಡುವಿನ ಸಂದಿಯಲ್ಲಿ ತಿರುಗುವ ಮುಂಗಾಲಿ ಅಡ್ಡವಾಗಿ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಬಾಗಿಲು ತೆರೆಯುವ ಮೊದಲೇ ಅದನ್ನು ನೇರಕ್ಕೆ ಲಾಕ್ ಮಾಡಿ ಎತ್ತಿ ದಾಟಿಸಿ. ಒಳಗೆ ಬ್ರೇಕ್ ಹಾಕಿದ ಮೇಲೂ ಕೈ ಬಿಡಬೇಡಿ. ನಿಲ್ಲಲೂ ಜಾಗವಿಲ್ಲದ ಹೊತ್ತಿನಲ್ಲಿ ಮಡಚುವುದೇ ಮರ್ಯಾದೆ. ರೈಲು ನಿಲ್ದಾಣದ ನಿಯಮ ಬೇರೆ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ತಳ್ಳುವುದು ಸುಖವೇ, ಆದರೆ ನಿಂತಾಗ ಗಾಡಿ ಹಳಿಗೆ ಸಮಾನಾಂತರವಾಗಿರಬೇಕು, ಮೂತಿ ಎಂದೂ ಹಳಿಯ ಕಡೆಗೆ ಇರಬಾರದು, ಬ್ರೇಕ್ ಬಿದ್ದಿರಬೇಕು.

ಬೇಸಿಗೆಯಲ್ಲಿ ಬಿಸಿಲು ತಾಗಬಾರದೆಂದು ಗಾಡಿಯ ಮೇಲೆ ಸೀರೆಯನ್ನೋ ಟವೆಲನ್ನೋ ಪೂರ್ತಿ ಹೊದಿಸುವುದನ್ನು ನೋಡುತ್ತೇವೆ. ಒಳಗೆ ಗಾಳಿಯಾಡದೆ ಹೊರಗಿಗಿಂತ ಹೆಚ್ಚು ಕಾವು ಕಟ್ಟಿಕೊಳ್ಳುವುದರಿಂದ ಇದು ಅಪಾಯಕಾರಿ. ಗಾಡಿಯದೇ ಚಾವಣಿ ಸಾಕು, ಸೊಳ್ಳೆಗೆ ಜಾಳಿಗೆಯ ಪರದೆ ಸಾಕು. ಹಾಗೆಯೇ ಅಜ್ಜಿ ಪ್ರೀತಿಯಿಂದ ಹೊಲಿದ ದಪ್ಪ ಕೌದಿಯನ್ನು ಮಗುವಿನ ಕೆಳಗೆ ಹಾಸಿದರೆ ಬೆಲ್ಟಿನ ಹಿಡಿತ ಸಡಿಲಾಗುತ್ತದೆ; ತೆಳು ಹತ್ತಿ ಬಟ್ಟೆ ಹಾಸಿ, ಬೆಲ್ಟಿನ ಕೆಳಗೆ ಒಂದೆರಡು ಬೆರಳು ಮಾತ್ರ ಹೋಗುವಷ್ಟು ಬಿಗಿ ಮಾಡಿ.

ಗಾಳಿ ಮತ್ತು ಪಂಕ್ಚರ್

ವಾರಕ್ಕೊಮ್ಮೆ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಗಾಳಿಯ ಮಿತಿ ಟೈರಿನ ಬದಿಯಲ್ಲೂ ಗಾಡಿಯ ಕೈಪಿಡಿಯಲ್ಲೂ ಇರುತ್ತದೆ. ಎರಡೂ ಬೇರೆಯಾಗಿದ್ದರೆ ಕಡಿಮೆಯದನ್ನೇ ಹಿಡಿಯಿರಿ, ಏಕೆಂದರೆ ಹಲವು ಗಾಡಿಗಳ ರಿಮ್ ಪ್ಲಾಸ್ಟಿಕ್ಕಿನದು. ಪೆಟ್ರೋಲ್ ಬಂಕಿನ ಗಾಳಿಯಂತ್ರಕ್ಕೆ ಒಯ್ಯಬೇಡಿ. ಕಾರಿನ ಟೈರಿಗಾಗಿ ಇರುವ ಆ ಒತ್ತಡ ಇಷ್ಟು ಸಣ್ಣ ಟ್ಯೂಬನ್ನು ಕ್ಷಣಾರ್ಧದಲ್ಲಿ ಮಿತಿ ಮೀರಿಸುತ್ತದೆ, ರಿಮ್ ಸೀಳುವುದೂ ಉಂಟು. ಮನೆಯ ಕೈಪಂಪು ಸಾಕು.

ಪಂಕ್ಚರ್ ಆದಾಗ ಗಾಲಿಯನ್ನು ಕಳಚಿ, ಟೈರನ್ನು ನಿಧಾನವಾಗಿ ತಿರುಗಿಸುತ್ತ ಮುಳ್ಳನ್ನು ಹುಡುಕಿ. ಸಿಕ್ಕ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ ಆಮೇಲೆ ಕೀಳಿ. ಉಳಿದ ಗಾಳಿ ಬಿಟ್ಟು, ಟೈರಿನ ಅಂಚನ್ನು ಸುತ್ತಲೂ ರಿಮ್ಮಿನ ನಡುವಿನ ತಗ್ಗಿಗೆ ಒತ್ತಿದರೆ ಸಡಿಲು ಸಿಗುತ್ತದೆ, ಎಷ್ಟೋ ಸಲ ಕೈಯಿಂದಲೇ ಬಿಚ್ಚಲು ಬರುತ್ತದೆ. ಬಾರದಿದ್ದರೆ ಪ್ಲಾಸ್ಟಿಕ್ ಟೈರ್ ಲಿವರ್ ಬಳಸಿ. ಸ್ಕ್ರೂಡ್ರೈವರ್ ತುರುಕಿದರೆ ಇದ್ದ ಒಂದು ತೂತಿನ ಜತೆಗೆ ಎರಡು ಹೊಸವು ಬೀಳುತ್ತವೆ, ರಿಮ್ಮಿನ ತುಟಿಯೂ ಕಿತ್ತುಬರುತ್ತದೆ. ಟ್ಯೂಬಿಗೆ ತುಸು ಗಾಳಿ ತುಂಬಿ ಬಕೆಟ್ ನೀರಿನಲ್ಲಿ ಅದ್ದಿ ಗುಳ್ಳೆ ಬರುವ ಜಾಗ ಗುರುತಿಸಿ. ಒಂದು ಸಿಕ್ಕಿತೆಂದು ನಿಲ್ಲಿಸದೆ ಇಡೀ ಸುತ್ತನ್ನು ನೋಡಿ, ನೆಗ್ಗಿಲು ಒಂಟಿಯಾಗಿ ಚುಚ್ಚುವುದು ಅಪರೂಪ. ಒರೆಸಿ ಒಣಗಿಸಿ, ಸ್ಯಾಂಡ್‌ಪೇಪರಿನಿಂದ ಉಜ್ಜಿ, ಸಲ್ಯೂಷನ್ ತೆಳ್ಳಗೆ ಹಚ್ಚಿ, ಅದು ಆರಿ ಬೆರಳಿಗೆ ಅಂಟಂಟು ಅನ್ನಿಸುವವರೆಗೆ ಕಾಯಬೇಕು. ಈ ಕಾಯುವಿಕೆಯನ್ನು ತಪ್ಪಿಸಿದವರ ಪ್ಯಾಚ್ ಮರುದಿನವೇ ಏಳುತ್ತದೆ.

ಟ್ಯೂಬ್ ಮರಳಿ ಹಾಕುವ ಮೊದಲು ಟೈರಿನ ಒಳಮೈಯನ್ನು ಹಳೆಯ ಬಟ್ಟೆಯಿಂದ ಒರೆಸಿ. ಮುರಿದು ಉಳಿದ ಮುಳ್ಳಿನ ತುದಿಗೆ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತದೆ. ಬೆರಳಿನಿಂದ ಹುಡುಕಿದರೆ ಬೆರಳಿಗೇ ಸಿಗುತ್ತದೆ. ವಾಲ್ವಿನ ಕತ್ತು ನೇರ ನಿಲ್ಲುವಂತೆ ಟ್ಯೂಬ್ ಕೂರಿಸಿ, ಅರ್ಧ ಗಾಳಿ ತುಂಬಿ, ಟೈರಿನ ಅಂಚಿನ ಗೆರೆ ರಿಮ್ಮಿನ ಸುತ್ತ ಸಮವಾಗಿದೆಯೇ ನೋಡಿ, ಆಮೇಲೆ ಪೂರ್ತಿ ತುಂಬಿ.

ಒಂದು ಕಡೆಗೆ ಎಳೆಯುವ ಗಾಡಿ, ನಡುಗುವ ಮುಂಗಾಲಿ

ಗಾಡಿ ಸದಾ ಎಡಕ್ಕೋ ಬಲಕ್ಕೋ ಹೋಗುತ್ತಿದ್ದರೆ ಮೊದಲು ಹಿಂಗಾಲಿಗಳ ಗಾಳಿಯನ್ನು ಸಮ ಮಾಡಿ. ಅರ್ಧದಷ್ಟು ದೂರುಗಳು ಅಲ್ಲಿಗೇ ಮುಗಿಯುತ್ತವೆ. ಆಮೇಲೂ ಎಳೆದರೆ ಮುಂಗಾಲಿಯನ್ನು ಲಾಕ್ ಮಾಡಿ, ಮಗುವಿಲ್ಲದೆ, ಸಮತಟ್ಟಾದ ಟೈಲ್ಸ್ ನೆಲದ ಗೆರೆಯ ಮೇಲಿಟ್ಟು ಮೆಲ್ಲಗೆ ತಳ್ಳಿಬಿಡಿ. ಗೆರೆಯಿಂದ ಎತ್ತ ಸರಿಯುತ್ತದೋ ಅದರ ವಿರುದ್ಧ ದಿಕ್ಕಿಗೆ ಮುಂಗಾಲಿಯ ಅಚ್ಚನ್ನು ಕೂದಲಷ್ಟು ತಿರುಗಿಸಿ ಪಾನಾದಿಂದ ಬಿಗಿದು ಮತ್ತೆ ಪರೀಕ್ಷಿಸಿ. ಇದಕ್ಕೆಂದೇ ತಿರುಪು ಇರುವ ಮಾದರಿಗಳೂ ಇವೆ. ತುಸು ವೇಗದಲ್ಲಿ ಮುಂಗಾಲಿ ಗಡಗಡ ನಡುಗುವುದಕ್ಕೆ ಕಡಿಮೆ ಗಾಳಿ, ಸೊಟ್ಟಾದ ರಿಮ್, ಸಡಿಲಾದ ಕೀಲು ಈ ಮೂರೇ ಕಾರಣ. ವೇಗವಾಗಿ ನಡೆಯುವಾಗ ಲಾಕ್ ಹಾಕುವುದು ತಾತ್ಕಾಲಿಕ ಉಪಾಯ.

ಮಣ್ಣು, ಎಣ್ಣೆ, ಬಟ್ಟೆ

ಎರೆಮಣ್ಣು ಹಸಿಯಿದ್ದಾಗ ಉಜ್ಜಿದಷ್ಟೂ ಹರಡುತ್ತದೆ. ಒಣಗಲು ಬಿಡಿ, ತಾನಾಗಿ ಬಿರಿಯುತ್ತದೆ. ಬ್ರಷ್‌ನಿಂದ ತಟ್ಟಿ ಉದುರಿಸಿ ಒದ್ದೆ ಬಟ್ಟೆಯಿಂದ ಒರೆಸಿ. ಬೈಕ್ ತೊಳೆಯುವ ಜೋರು ನೀರಿಗೆ ಹಿಡಿದರೆ ಮಣ್ಣು ನೇರ ಬೇರಿಂಗಿನ ಒಳಗೆ ಹೋಗುತ್ತದೆ. ತಿಂಗಳಿಗೊಮ್ಮೆ ಹಿಂಗಾಲಿ ಕಳಚಿ ಅಚ್ಚಿಗೆ ಸುತ್ತಿದ ಕೂದಲು, ದಾರ ತೆಗೆದು, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಹಾಕಿ ಹೆಚ್ಚಾದದ್ದನ್ನು ಒರೆಸಿ. ಕೊಬ್ಬರಿ ಎಣ್ಣೆ ಬೇಡ, ಜಿಡ್ಡಾಗಿ ಧೂಳನ್ನು ಹಿಡಿದಿಡುತ್ತದೆ. ಬ್ರೇಕಿನ ಹಲ್ಲುಗಳಿಗೆ ಯಾವ ಎಣ್ಣೆಯೂ ತಾಗಬಾರದು.

ಬಟ್ಟೆಯನ್ನು ತಣ್ಣೀರು, ಮೆದು ಸಾಬೂನಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಬೆಲ್ಟುಗಳಿಗೆ ಬ್ಲೀಚ್ ತಾಗಿದರೆ ನೂಲು ದುರ್ಬಲವಾಗುತ್ತದೆ. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಒದ್ದೆ ಗಾಡಿಯನ್ನು ಮಡಚಿ ಮೂಲೆಗಿಟ್ಟರೆ ಬೂಸು ಬರುವುದು ಖಂಡಿತ. ರಾತ್ರಿಯಿಡೀ ಫ್ಯಾನಿನ ಕೆಳಗೆ ಬಿಚ್ಚಿಟ್ಟು ಆಮೇಲೆ ಮಡಚಿ. ಮಡಚುವಾಗಲೂ ಬಿಚ್ಚುವಾಗಲೂ ಮಗುವನ್ನು ದೂರ ನಿಲ್ಲಿಸಿ: ಕೀಲುಗಳ ನಡುವೆ ಮಕ್ಕಳ ಬೆರಳ ತುದಿ ತುಂಡಾದ ಪ್ರಕರಣಗಳಿಂದಾಗಿ 2009ರ ನವೆಂಬರಿನಲ್ಲಿ ಮ್ಯಾಕ್ಲಾರೆನ್ ಕಂಪನಿ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಗಾಡಿಗಳ ಕೀಲಿಗೆ ಹೊದಿಕೆ ಕೊಡಬೇಕಾಯಿತು.

ಯಾವಾಗ ನಿಲ್ಲಿಸಬೇಕು

ಗಾಲಿ, ಟೈರು, ಟ್ಯೂಬು, ಬಟ್ಟೆ ಕೆಟ್ಟರೆ ಬದಲಿಸಬಹುದು. ಚೌಕಟ್ಟಿನ ಬೆಸುಗೆಯಲ್ಲೋ ಮಡಚುವ ಕೀಲಿನಲ್ಲೋ ಬಿರುಕು ಕಂಡರೆ ಮಾತ್ರ ಆ ಗಾಡಿಯಲ್ಲಿ ಮಗುವನ್ನು ಕೂರಿಸುವುದನ್ನು ಅಂದೇ ನಿಲ್ಲಿಸಬೇಕು. ಗೇಟು, ಕಿಟಕಿ ಬೆಸೆಯುವ ಅಂಗಡಿಯಲ್ಲಿ ತೆಳು ಅಲ್ಯುಮಿನಿಯಂ ಕೊಳವೆಯನ್ನು ಬೆಸೆಸಿದರೆ ಬಿರುಕು ಪಕ್ಕದಲ್ಲೇ ಮತ್ತೆ ಏಳುತ್ತದೆ. ಅಂಥ ಗಾಡಿಯನ್ನು ಇನ್ನೊಬ್ಬರಿಗೆ ದಾನ ಮಾಡದೆ, ಗಾಲಿಗಳನ್ನೂ ಹೆಚ್ಚಿನ ಟ್ಯೂಬನ್ನೂ ಕಳಚಿಟ್ಟುಕೊಂಡು ಚೌಕಟ್ಟನ್ನು ಗುಜರಿಗೆ ಹಾಕಿ.